ತಾರಸಿಯ ತಾಮ್ರದ ತಂತಿ ಮತ್ತು ತಮ್ಮ ಹದಿನೈದು ದಿನ

ವಸತಿ ಮಂಡಳಿಯ ತಾರಸಿ ಮತ್ತು ಹೊರಗೋಡೆ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಆರು ದಿನಗಳ ಹಿಂದೆ ತಮ್ಮ ಕಚೇರಿಯವರು ನನ್ನ ಮನೆಯ ಬಾಗಿಲಿಗೆ, ಸರಿಯಾಗಿ ನೋಡುವ ಕಿಂಡಿಯ ಮೇಲೆಯೇ, ಒಂದು ನೋಟಿಸು ಅಂಟಿಸಿ ಹೋದರು. 'ತಾರಸಿಯ ಮೇಲೆ ಕಟ್ಟಿರುವ ಅನಧಿಕೃತ ಲೋಹದ ವಸ್ತುವನ್ನು ಹದಿನೈದು ದಿನಗಳೊಳಗೆ ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ಮಂಡಳಿಯೇ ತೆರವುಗೊಳಿಸುವುದು' ಎಂದು ಅದರಲ್ಲಿದೆ. ಆ ಲೋಹದ ವಸ್ತು ನನ್ನ ಹವ್ಯಾಸಿ ರೇಡಿಯೋದ ಆಂಟೆನಾ. ಇಪ್ಪತ್ತು ಮೀಟರ್ ಉದ್ದದ ಒಂದು ತಾಮ್ರದ ತಂತಿ, ಎರಡು ತುದಿಗೆ ಎರಡು ಬಿದಿರಿನ ಕಂಬ, ಅಷ್ಟೇ. ಅದನ್ನು ಕೀಳಬೇಡಿ ಎಂದು ಕೇಳಲು ತಮ್ಮ ಕಚೇರಿಗೆ ನಾಲ್ಕು ಸಲ ಬಂದೆ. ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲವಾದ್ದರಿಂದ, ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ತಾವು ನಮ್ಮ ತಾರಸಿಯನ್ನು ನೋಡಿದ್ದೀರೋ ಇಲ್ಲವೋ ತಿಳಿಯದು. ಅಲ್ಲಿ ನಲವತ್ತಾರು ಟಿ.ವಿ. ಡಿಶ್‌ಗಳಿವೆ. ಅವುಗಳಲ್ಲಿ ಕಾಲು ಭಾಗ ಯಾವ ಟಿ.ವಿ.ಗೂ ಸೇರಿಲ್ಲ, ಸುಮ್ಮನೆ ಆಕಾಶ ನೋಡಿಕೊಂಡಿವೆ. ಒಂಬತ್ತು ನೀರಿನ ಟ್ಯಾಂಕು, ಯಾರದೋ ಮುರಿದ ಸೈಕಲ್ಲು, ಮಂಡಳಿಯೇ ಫೋನ್ ಕಂಪನಿಗೆ ಬಾಡಿಗೆಗೆ ಕೊಟ್ಟಿರುವ ಎರಡಾಳೆತ್ತರದ ಗೋಪುರ, ಹದಿನಾಲ್ಕು ಬಟ್ಟೆ ಒಣಗಿಸುವ ತಂತಿ. ಇಷ್ಟರ ನಡುವೆ ಕಟ್ಟಡದ ಅಂದ ಕೆಡಿಸಿದ್ದು ನನ್ನ ತಂತಿಯೊಂದೇ ಎಂದು ತಮ್ಮ ನೋಟಿಸು ಕಂಡುಹಿಡಿದಿದೆ. ಬಗ್ಗಿ ನೋಡಿದರೂ ಕಾಣದ ವಸ್ತುವಿನಲ್ಲಿ ಅಂದಗೇಡು ಕಾಣಲು ವಿಶೇಷ ದೃಷ್ಟಿ ಬೇಕು. ಮೊನ್ನೆ ಕಣ್ಣಿನ ಪೊರೆ ತೆಗೆಸಿಕೊಂಡ ನನಗೇ ಅದು ಇಲ್ಲ.

ಎರಡನೇ ಸಲ ಬಂದಾಗ ತಮ್ಮ ಗುಮಾಸ್ತರು ಕರುಣೆಯಿಂದ ಒಂದು ದಾರಿ ಹೇಳಿಕೊಟ್ಟರು. "ಅಮ್ಮಾ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ? ಅದರ ಮೇಲೆ ನಾಲ್ಕು ಬಟ್ಟೆ ಹಾಕ್ಬಿಡಿ. ಬಟ್ಟೆ ತಂತಿ ಅಂತ ಬರ್ಕೋತೀವಿ. ಬಟ್ಟೆ ತಂತಿಗೆ ನಿಯಮದಲ್ಲಿ ಅಡ್ಡಿ ಇಲ್ಲ."

"ಒದ್ದೆ ಬಟ್ಟೆ ಹಾಕಿದ್ರೆ ಅದು ಕೆಲಸ ಮಾಡೋದಿಲ್ಲಪ್ಪ" ಎಂದೆ.

"ಒಣಗಿದ್ದೇ ಹಾಕಿ. ಯಾರು ಮುಟ್ಟಿ ನೋಡ್ತಾರೆ?"

ಒಳ್ಳೆಯ ಮನುಷ್ಯ. ಹಾವು ಸಾಯಬಾರದು, ಕೋಲು ಮುರಿಯಬಾರದು ಎನ್ನುವ ಜಾತಿ. ಆದರೆ ನಾನು ಒಪ್ಪಲಿಲ್ಲ. ಆಂಟೆನಾವನ್ನು ಬಟ್ಟೆ ತಂತಿ ಎಂದು ಬರೆಸುವುದು ನಮ್ಮಂಥವರಿಗೆ ಆಗದ ಕೆಲಸ. ನಮಗೆ ಸುಳ್ಳು ಬರೆಯುವ ಅಭ್ಯಾಸ ಇಲ್ಲ. ಇದು ದೊಡ್ಡಸ್ತಿಕೆಯಲ್ಲ, ಕೆಟ್ಟ ಚಾಳಿ. ಅದರಿಂದಲೇ ನನಗೆ ಈ ಗತಿ ಬಂದಿದೆ, ಹೇಳುತ್ತೇನೆ.

ಮೊದಲು ನಾನು ಯಾರೆಂದು ತಿಳಿಸಬೇಕು. ನಾನು ಮೂವತ್ತೈದು ವರ್ಷ ದಂತವೈದ್ಯರ ಪ್ರಯೋಗಾಲಯದಲ್ಲಿ ಕಟ್ಟುಹಲ್ಲು ಮಾಡಿದವಳು. ಈ ಕಟ್ಟಡದಲ್ಲಿ ನನಗೆ ಹಲ್ಲಿನಮ್ಮ ಎಂದೇ ಹೆಸರು. ರೇಡಿಯೋ ಹುಚ್ಚು ಹತ್ತಿಸಿದವನು ನನ್ನ ಅಣ್ಣ. ಗುಜರಿ ಅಂಗಡಿಯಿಂದ ತಂದ ಬಿಡಿಭಾಗಗಳಿಂದ ಅವನು ಅಡುಗೆಮನೆಯ ಮೇಜಿನ ಮೇಲೆ ಒಂದು ಪೆಟ್ಟಿಗೆ ಕಟ್ಟಿದ. ನನಗೆ ಆಗ ಹತ್ತೊಂಬತ್ತು. ಅವನು ಚುಕ್ಕೆ ಗೆರೆಗಳ ಮೋರ್ಸ್ ಸಂಕೇತ ಕಳಿಸುವ ಕೀಲಿ ಬಡಿದು ಕರೆದ, ಎರಡು ಸಾವಿರ ಮೈಲಿ ಆಚೆಯಿಂದ ಯಾರೋ ಉತ್ತರ ಕೊಟ್ಟರು. ಆ ಯಾರೋ ಒಬ್ಬ ಬಸ್ ಡ್ರೈವರ್, ಹಲ್ಲುನೋವಿನಿಂದ ರಜೆ ಹಾಕಿದ್ದನಂತೆ. ಅಣ್ಣನ ಹುಚ್ಚು ಮದುವೆಯಾದ ಮೇಲೆ ಇಳಿಯಿತು. ನನ್ನದು ಇಳಿಯಲಿಲ್ಲ. ಸರ್ಕಾರ ನಡೆಸುವ ಪರೀಕ್ಷೆ ಬರೆದೆ, ಪರವಾನಗಿ ಪಡೆದೆ, ನಲವತ್ತೇಳು ವರ್ಷಗಳಿಂದ ಒಂದು ಸಲವೂ ತಪ್ಪಿಸದೆ ನವೀಕರಿಸಿದ್ದೇನೆ. ಪರವಾನಗಿ ಕೊಟ್ಟ ಇಲಾಖೆ ಬೇರೆ, ತಂತಿ ಕೀಳುವ ಇಲಾಖೆ ಬೇರೆ. ಒಟ್ಟಿನಲ್ಲಿ ನನಗೆ ಮಾತಾಡಲು ಅನುಮತಿ ಇದೆ, ಬಾಯಿ ತೆರೆಯಲು ಇಲ್ಲ.

ಮೂರನೇ ಭೇಟಿಯಲ್ಲಿ ತಾವೇ ಸಿಕ್ಕಿದಿರಿ. "ಈ ಕಾಲದಲ್ಲಿ ಯಾರಮ್ಮ ಇದನ್ನೆಲ್ಲ ಮಾಡ್ತಾರೆ? ಒಂದು ಮೊಬೈಲ್ ತಗೊಳ್ಳಿ, ಆರಾಮಾಗಿರಿ" ಎಂದಿರಿ. ಅಷ್ಟರಲ್ಲಿ ತಮ್ಮ ಮೊಬೈಲು ಬಡಿದುಕೊಂಡಿತು, ಸಿಗ್ನಲ್ ಸಿಗದೆ ತಾವು ಎದ್ದು ಕಿಟಕಿಯ ಹೊರಗೆ ತಲೆ ಹಾಕಿ "ಹಲೋ, ಹಲೋ" ಎಂದಿರಿ. ನಾನು ನಗಲಿಲ್ಲ. ಜೊತೆಗೆ ಬಂದಿದ್ದ ನಮ್ಮ ಮನೆಯವರು ನಕ್ಕರು, ಅವರ ಪರವಾಗಿ ಕ್ಷಮೆ ಇರಲಿ. ನನ್ನ ಬಳಿಯೂ ಮೊಬೈಲು ಇದೆ, ಸ್ವಾಮಿ. ಅದರಲ್ಲಿ ನನಗೆ ಗೊತ್ತಿರುವವರನ್ನು ಕರೆಯುತ್ತೇನೆ. ಗೊತ್ತಿಲ್ಲದ ನಂಬರು ಬಂದರೆ ತಮ್ಮ ಹಾಗೆಯೇ ನಾನೂ ಕತ್ತರಿಸುತ್ತೇನೆ. ರೇಡಿಯೋದಲ್ಲಿ ಹಾಗಲ್ಲ. ಅಲ್ಲಿ ಗೊತ್ತಿಲ್ಲದವರು ಕರೆದರೇ ಓಗೊಡಬೇಕು. ಯಾರು ಸಿಗುತ್ತಾರೆಂದು ಕೂರುವ ತನಕ ತಿಳಿಯದು. ಒಮ್ಮೆ ನಡುಸಮುದ್ರದ ಹಡಗಿನಿಂದ ಒಬ್ಬ ಹವ್ಯಾಸಿ, ಹಡಗಿನ ಅಡುಗೆಯವನ ಕಟ್ಟುಹಲ್ಲು ಎರಡು ಹೋಳಾಗಿದೆ, ಮರದ ಗೋಂದು ಹಾಕಿ ಅಂಟಿಸಲೇ ಎಂದು ಕೇಳಿದ. ಹಾಕಬೇಡ, ಬಾಯಿ ಬೆಂದುಹೋಗುತ್ತದೆ, ದಡ ಸೇರುವ ತನಕ ಅಡುಗೆಯನ್ನೇ ಮೆತ್ತಗೆ ಮಾಡಿಕೊಳ್ಳಲಿ ಎಂದೆ. ಹದಿನೈದು ದಿನ ಆ ಹಡಗಿನವರೆಲ್ಲ ಬೆಂದು ಮುದ್ದೆಯಾದದ್ದನ್ನೇ ತಿಂದು ನನ್ನನ್ನು ಶಪಿಸಿದರಂತೆ.

ಇಷ್ಟು ವರ್ಷ ಒಂದೇ ಆಟ ಬೇಸರ ಬರಲಿಲ್ಲವೇ ಎಂದು ನನ್ನ ಮಗಳೂ ಕೇಳುತ್ತಾಳೆ. ಆಕಾಶ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಇವತ್ತು ಪಕ್ಕದ ಊರೂ ಕೇಳಿಸದು, ನಾಳೆ ಭೂಮಿಯ ಆ ಬದಿಯವನು ಪಕ್ಕದ ಕೋಣೆಯಲ್ಲಿ ಕೆಮ್ಮಿದ ಹಾಗೆ ಕೇಳಿಸುತ್ತಾನೆ. ಇಪ್ಪತ್ತರಲ್ಲಿ ದೂರದವರನ್ನು ಹಿಡಿಯುವ ಚಪಲ ಇತ್ತು. ಮಗಳು ಚಿಕ್ಕವಳಿದ್ದಾಗ ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಸುಗೆ ಹಾಕಿದೆ. ಈಗ ಅರವತ್ತಾರು, ಹೆಚ್ಚಾಗಿ ಸುಮ್ಮನೆ ಕೇಳುತ್ತೇನೆ. ನಮ್ಮ ಮನೆಯವರು ಬಂದವರ ಮುಂದೆಲ್ಲ, "ಇವಳ ಸಂಸಾರ ಆಕಾಶದಲ್ಲಿದೆ, ಇಲ್ಲಿ ಸುಮ್ನೆ ಊಟಕ್ಕೆ ಬರ್ತಾಳೆ" ಎನ್ನುತ್ತಾರೆ. ಗಾಳಿಗೆ ತಂತಿ ಕಳಚಿದಾಗ ಏಣಿ ಹಿಡಿಯುವವರೂ ಅವರೇ.

ಇನ್ನು ನನ್ನ ಅಪರಾಧದ ವಿಚಾರ. ನಮ್ಮ ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ಆಗಾಗ ನಿಂತುಬಿಡುತ್ತದೆ. ಕೆಳಗಿನ ಮನೆಯ ಯಜಮಾನರು ಒಮ್ಮೆ ಅದರೊಳಗೆ ಮುಕ್ಕಾಲು ಗಂಟೆ ನಿಂತು, ಹೊರಗೆ ಬಂದವರೇ, ನನ್ನ ರೇಡಿಯೋ ಅಲೆಗಳಿಂದ ಲಿಫ್ಟು ಕೆಡುತ್ತಿದೆ ಎಂದು ಆರು ತಾರೀಖುಗಳನ್ನು ನಮೂದಿಸಿ ದೂರು ಕೊಟ್ಟರು. ಅದರ ಬೆನ್ನಿಗೇ ತಮ್ಮ ನೋಟಿಸು ಬಂತು. ಲಿಫ್ಟ್ ಮೆಕ್ಯಾನಿಕ್ಕನ್ನು ನಾನೇ ಕೇಳಿದೆ. "ಬಾಗಿಲಿನ ಸ್ವಿಚ್ಚಲ್ಲಿ ಕೊಳೆ ಕೂತಿದೆ ಅಮ್ಮ, ನಿಮ್ಮ ರೇಡಿಯೋ ಏನ್ಮಾಡುತ್ತೆ ಪಾಪ" ಎಂದ. ಅದನ್ನೇ ಬರೆದುಕೊಡಪ್ಪಾ ಎಂದರೆ, "ಬರ್ದು ಕೊಟ್ರೆ ನನ್ನ ತಲೆಗೇ ಬರುತ್ತಲ್ಲಮ್ಮ, ತಿಂಗಳು ತಿಂಗಳು ಕ್ಲೀನ್ ಮಾಡ್ಬೇಕಾದವ್ನು ನಾನೇ ಅಲ್ವಾ" ಎಂದು ಚೀಲ ಹೆಗಲಿಗೇರಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಆ ಎಮ್ಮೆ ನಾನು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ನಮ್ಮ ಹವ್ಯಾಸದವರು ಒಂದು ದಿನಚರಿ ಇಡುತ್ತೇವೆ. ಯಾವಾಗ ಕೂತೆವು, ಯಾರ ಜೊತೆ ಮಾತಾಡಿದೆವು, ಯಾವಾಗ ಎದ್ದೆವು, ಎಲ್ಲವೂ ಅದರಲ್ಲಿರುತ್ತದೆ. ನಮ್ಮಿಂದ ಯಾರಿಗಾದರೂ ತೊಂದರೆಯಾದರೆ ಅದನ್ನೂ ನಾವೇ ಬರೆದಿಡಬೇಕೆಂದು ಅಣ್ಣ ಮೊದಲ ದಿನವೇ ಕಲಿಸಿದ್ದ. ದೂರಿನ ಆರೂ ದಿನ ನಾನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿದ್ದೆ, ರೇಡಿಯೋದ ಪ್ಲಗ್ಗೇ ಕಿತ್ತಿತ್ತು. ದಿನಚರಿಯಲ್ಲಿ ಆ ವಾರ ಖಾಲಿ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ ಎಂದು ಇಪ್ಪತ್ತೆರಡು ಪುಸ್ತಕಗಳನ್ನೂ ಚೀಲದಲ್ಲಿ ತುಂಬಿಕೊಂಡು ತಂದು ತಮ್ಮ ಮೇಜಿನ ಮೇಲಿಟ್ಟೆ. ಬೇಕಾದದ್ದು ಒಂದೇ ಪುಸ್ತಕ. ಎಲ್ಲವನ್ನೂ ತೋರಿಸಿದರೆ ನಂಬುತ್ತಾರೆ ಎಂಬ ಭ್ರಮೆ.

ತಮ್ಮ ಕಚೇರಿ ಅವನ್ನು ಶ್ರದ್ಧೆಯಿಂದ ಓದಿತು. ನಾಲ್ಕನೇ ಸಲ ಬಂದಾಗ ಉತ್ತರ ಕೈಗೆ ಸಿಕ್ಕಿತು. ಆರು ದಿನಗಳ ದಾಖಲೆ ಅರ್ಜಿದಾರಳದೇ ಕೈಬರಹವಾದ್ದರಿಂದ ಸಾಕ್ಷ್ಯವಾಗಿ ಪರಿಗಣಿಸಲಾಗದು. ಆದರೆ ಹತ್ತೊಂಬತ್ತು ವರ್ಷದ ಹಿಂದಿನ ಒಂದು ಪುಟದಲ್ಲಿ, 'ಬೆಳಿಗ್ಗೆ ಏಳು ಹತ್ತು. ಕೆಳಗಿನ ಮನೆಯ ಟೇಪ್ ರೆಕಾರ್ಡರಿನಲ್ಲಿ ನನ್ನ ಬಡಿತ ಕೇಳಿಸಿತಂತೆ. ತಪ್ಪು ನನ್ನದು. ಸರಿಪಡಿಸಿದೆ, ಹೋಗಿ ಕ್ಷಮೆ ಕೇಳಿದೆ' ಎಂದು ಬರೆದಿರುವುದರಿಂದ, ತೊಂದರೆ ಕೊಡುವ ಪ್ರವೃತ್ತಿಯನ್ನು ಅರ್ಜಿದಾರಳು ತಾನೇ ಒಪ್ಪಿಕೊಂಡಂತಾಗಿದೆ. ಮಾನ್ಯರೇ, ಎರಡೂ ಒಂದೇ ಕೈಯ ಅಕ್ಷರ. ನನ್ನ ಅಕ್ಷರ ನನ್ನ ಪರವಾಗಿದ್ದರೆ ಸುಳ್ಳು, ವಿರುದ್ಧವಾಗಿದ್ದರೆ ಸತ್ಯ ಎಂಬ ನಿಯಮ ತಮ್ಮ ಯಾವ ಕೈಪಿಡಿಯಲ್ಲಿದೆ? ಅವತ್ತು ಕ್ಷಮೆ ಕೇಳದೆ, ಬರೆಯದೆ, ತೆಪ್ಪಗೆ ಇದ್ದಿದ್ದರೆ ಇವತ್ತು ನಾನು ನಿರಪರಾಧಿ. ನಲವತ್ತೇಳು ವರ್ಷ ಪ್ರಾಮಾಣಿಕವಾಗಿ ಬರೆದದ್ದಕ್ಕೆ ಮೊದಲ ಬಾರಿ ನಾಚಿಕೆಯಾಯಿತು. ಆ ನಾಚಿಕೆಯನ್ನು ನನಗೆ ಕೊಟ್ಟದ್ದಕ್ಕಾಗಿ ನಾನು ತಮ್ಮನ್ನು ಸುಲಭವಾಗಿ ಕ್ಷಮಿಸಲಾರೆ.

ಇಷ್ಟೇ ಆಗಿದ್ದರೆ ತಂತಿ ಬಿಚ್ಚಿ ಸುತ್ತಿಡುತ್ತಿದ್ದೆ. ಜಗಳವಾಡಿ ಸಾಕಾಗಿದೆ, ನಾಲ್ಕು ಮಹಡಿ ಹತ್ತಿಳಿದು ಮಂಡಿ ಹೋಗಿದೆ. ಬಿಡಲಾರದ ಕಾರಣ ಒಬ್ಬಳಿದ್ದಾಳೆ.

ನಾನೂರು ಮೈಲಿ ದೂರದ ಒಂದು ಪಟ್ಟಣದಲ್ಲಿ ಒಬ್ಬ ನಿವೃತ್ತ ಭೂಗೋಳದ ಟೀಚರ್ ಇದ್ದಾಳೆ. ನನಗಿಂತ ಐದು ವರ್ಷ ದೊಡ್ಡವಳು, ನನಗೆ ಟೀಚರಕ್ಕ. ಮೂವತ್ತೊಂದು ವರ್ಷಗಳಿಂದ ಪ್ರತಿ ಬೆಳಿಗ್ಗೆ ಆರು ಇಪ್ಪತ್ತಕ್ಕೆ ನಾವಿಬ್ಬರೂ ರೇಡಿಯೋದಲ್ಲಿ ಮಾತಾಡುತ್ತೇವೆ, ಮೊದಲೆಲ್ಲ ಬಾಯಲ್ಲಿ, ಆಗೀಗ ಕೀಲಿಯಲ್ಲಿ. ಕಣ್ಣಿನ ಆಪರೇಷನ್ನಿನ ವಾರ ಮಾತ್ರ ಮೊದಲೇ ಹೇಳಿ ರಜೆ ಪಡೆದಿದ್ದೆ. ಮುಖ ನೋಡಿದ್ದು ಎರಡೇ ಸಲ. ಮಾತಾಡುವುದು ಲೋಕೋದ್ಧಾರದ ವಿಷಯವಲ್ಲ. ಅವಳ ಬೆಕ್ಕು, ನನ್ನ ಮಂಡಿ, ಎರಡೂ ಮನೆಯ ನಲ್ಲಿ. ನಾಲ್ಕು ವರ್ಷದ ಹಿಂದೆ ಅವಳ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕಣ್ಣು ಅದಕ್ಕೂ ಮೊದಲೇ ಮಂಜಾಗಿತ್ತು, ಈಗ ಬೆಳಕು ನೆರಳು ಅಷ್ಟೇ. ಇಪ್ಪತ್ತಮೂರು ದಿನ ಆರು ಇಪ್ಪತ್ತಕ್ಕೆ ನಾನು ಕರೆದೆ, ಉತ್ತರ ಇರಲಿಲ್ಲ. ಇಪ್ಪತ್ತನಾಲ್ಕನೇ ದಿನ ಚುಕ್ಕೆ ಗೆರೆಗಳ ಬಡಿತ ಕೇಳಿತು. ಬಡಿತದಲ್ಲೇ ಆಳು ಗೊತ್ತಾಗುತ್ತದೆ, ಸ್ವಾಮಿ, ಕೈಬರಹ ಇದ್ದ ಹಾಗೆ. ಅವಳು ಕೊನೆಯ ಗೆರೆಯನ್ನು ಕರಿಹಲಗೆಯ ಮೇಲೆ ಎಳೆದ ಹಾಗೆ ಸ್ವಲ್ಪ ಉದ್ದ ಎಳೆಯುತ್ತಾಳೆ. 'ಗಂಟಲು ಹೋಯಿತು. ಕೈ ಇದೆ' ಎಂದಳು. ನಾನು ಕೀಲಿ ಬಿಟ್ಟು ಅತ್ತೆ.

ಈಗ ತಾವು ಹೇಳಿದ ಮೊಬೈಲಿನ ಮಾತಿಗೆ ಬರುತ್ತೇನೆ. ಫೋನಿನಲ್ಲಿ ಅವಳು ಮಾತಾಡಲಾರಳು. ಪರದೆಯ ಮೇಲಿನ ಅಕ್ಷರ ಅವಳಿಗೆ ಕಾಣದು. ಫೋನೇ ಓದಿ ಹೇಳುತ್ತದೆ ಎಂದು ಅವಳ ತಂಗಿಯ ಮಗಳು ಕಲಿಸಲು ನೋಡಿದಳು, ಅವಳು ಎರಡು ಸಲ ಅದನ್ನು ಬೆಕ್ಕಿನ ಮೇಲೆ ಎಸೆದಳು. ಕೀಲಿಗೆ ಗಂಟಲೂ ಬೇಡ, ಕಣ್ಣೂ ಬೇಡ. ಎರಡು ಬೆರಳು, ಒಂದು ಕಿವಿ ಸಾಕು. ಮನೆಯಲ್ಲಿ ಉಳಿದವರೆಲ್ಲ ಅವಳ ಬಗ್ಗೆ ಮಾತಾಡುತ್ತಾರೆ, ಔಷಧಿ ಕೊಟ್ಟಿರಾ, ಮಲಗಿಸಿದಿರಾ ಎಂದು. ಅವಳ ಜೊತೆ ಮಾತಾಡುವುದು, ಅವಳು ತಿರುಗಿ ಬೈಯುವುದು, ದಿನಕ್ಕೆ ಇಪ್ಪತ್ತು ನಿಮಿಷ, ನನ್ನ ತಂತಿಯ ಮೇಲೆ.

ತಂತಿಯನ್ನು ಮನೆಯೊಳಗೆ ಕಟ್ಟಿಕೊಳ್ಳಿ ಎಂದು ನೋಟಿಸಿನ ಕೊನೆಯಲ್ಲಿ ಸಲಹೆ ಇದೆ. ಅದನ್ನೂ ಮಾಡಿ ನೋಡಿದ್ದೇನೆ. ಹೋದ ವರ್ಷ ತಾರಸಿಗೆ ಸೋರಿಕೆಯ ದುರಸ್ತಿ ಎಂದು ಮಂಡಳಿ ಮೊದಲೇ ತಿಳಿಸದೆ ನನ್ನ ತಂತಿ ಬಿಚ್ಚಿಸಿ ಮೂರು ದಿನ ಬೀಗ ಹಾಕಿತ್ತು. ಗೋಡೆಯ ಸುತ್ತ, ಬೀರುವಿನ ಮೇಲೆ, ಫ್ಯಾನಿಗೆ ಸುತ್ತಿ, ಎಲ್ಲ ಮಾಡಿದೆ. ಕಬ್ಬಿಣ, ಕಾಂಕ್ರೀಟಿನ ಗೂಡು ಇದು. ಅವಳು ಕರೆಯುವುದು ಸಣ್ಣಗೆ ಕೇಳುತ್ತಿತ್ತು, ನನ್ನ ಉತ್ತರ ಅವಳಿಗೆ ಮುಟ್ಟಲಿಲ್ಲ. ಮೂರನೇ ದಿನ 'ಹುಷಾರಾಗಿದ್ದೀಯಾ' ಎಂದು ಹದಿನೇಳು ಸಲ ಕೇಳಿದಳು. ಲೆಕ್ಕ ನನ್ನ ದಿನಚರಿಯಲ್ಲಿದೆ, ಬೇಕಿದ್ದರೆ ಅದನ್ನೂ ಒಪ್ಪಿಗೆ ಎಂದು ಬರೆದುಕೊಳ್ಳಿ. ಆಮೇಲೆ ತಂಗಿಯ ಮಗಳೇ ಫೋನ್ ಮಾಡಿದಳು. "ಆಂಟಿ, ಏನಾಯ್ತು ನಿಮಗೆ? ದೊಡ್ಡಮ್ಮ ಮೂರು ದಿನದಿಂದ ಕುರ್ಚಿ ಬಿಟ್ಟು ಏಳ್ತಿಲ್ಲ. ತಂತಿ ಕೆಟ್ಟಿರ್ಬೇಕು ಅಂತ ನಾನು ಕಿವಿಯಲ್ಲಿ ಕೂಗಿ ಹೇಳಿದೆ. ನಂಬೋದಿಲ್ಲ. ನೀವು ಹೋಗ್ಬಿಟ್ಟಿದ್ದೀರಿ, ನಾವೆಲ್ಲ ಮುಚ್ಚಿಡ್ತಿದ್ದೀವಿ ಅನ್ಕೊಂಡಿದ್ದಾರೆ."

ಆದ್ದರಿಂದ ನನ್ನ ಬೇಡಿಕೆ ಇದು. ನೋಟಿಸು ಹಿಂದಕ್ಕೆ ತೆಗೆದುಕೊಳ್ಳಿ, ಲಿಫ್ಟಿನ ಬಾಗಿಲಿನ ಸ್ವಿಚ್ಚು ಒರೆಸಿ. ಅದು ಆಗದಿದ್ದರೆ, ತಂತಿ ಕೀಳುವ ದಿನ ಬೆಳಿಗ್ಗೆ ಆರು ಹದಿನೈದಕ್ಕೆ ತಾವು ಖುದ್ದಾಗಿ ನನ್ನ ಮನೆಗೆ ಬರಬೇಕು. ಗುಮಾಸ್ತರು ಸಾಲದು. ಕೂರಲು ಕುರ್ಚಿ ಇದೆ. ಪರವಾನಗಿ ಇಲ್ಲದವರು ಕೀಲಿ ಮುಟ್ಟುವಂತಿಲ್ಲ, ನಿಯಮ, ಹಾಗಾಗಿ ನಾನೇ ಬಡಿಯುತ್ತೇನೆ. ತಾವು ಹೇಳಿ. ನಾಳೆಯಿಂದ ಇವಳು ಬರುವುದಿಲ್ಲ ಎಂದು, ಯಾಕೆ ಬರುವುದಿಲ್ಲ ಎಂದು, ತಮ್ಮ ಮಾತಿನಲ್ಲೇ ಹೇಳಿ. ಒಂದಕ್ಷರ ಬಿಡದೆ ಕಳಿಸುತ್ತೇನೆ. ಅವಳಿಗೆ ಅರ್ಥವಾಗುವುದಿಲ್ಲ, ಮತ್ತೆ ಕೇಳುತ್ತಾಳೆ. ಆಗಲೂ ಉತ್ತರ ತಾವೇ ಹೇಳಬೇಕು. ನಾನು ಆ ಮಾತನ್ನು ಅವಳಿಗೆ ಹೇಳಲಾರೆ.

ಇಂತಿ,
ಇನ್ನೂ ಒಂಬತ್ತು ದಿನ ಉತ್ತರ ಕೊಡಬಲ್ಲ,
ನಾಲ್ಕನೇ ಮಹಡಿಯ ಹವ್ಯಾಸಿ