ಪಾಸ್‌ವರ್ಡಿಗೆ ಕುಂಕುಮ

ಭಾದ್ರಪದ ಮೂವತ್ತಾರು, 2171

ಹಿರೇಹೊಳೆ ಕಾಲೇಜಿನ ಪ್ರಾಚಾರ್ಯರೂ ನನ್ನ ಮುತ್ತಜ್ಜಿಯ ತಂದೆಯೂ ಆದ ಚನ್ನವೀರ ಮುತ್ಯಾನಿಗೆ ನೀಲಗಂಗಾ ಬರೆಯುವುದು.

ನಮ್ಮಲ್ಲಿ ತಿಂಗಳಿಗೆ ಮೂವತ್ತಾರು ದಿನ. ದಿನಾಂಕ ನೋಡಿ ಮುದುಕಿಗೆ ಮರುಳು ಎನ್ನಬೇಡಿ. ಶಾಲೆಯ ಮುಖ ಕಂಡವಳಲ್ಲ ನಾನು. ಮಾತು ಅಡ್ಡಾದಿಡ್ಡಿಯಾದರೆ ಸಹಿಸಿಕೊಳ್ಳಿ. ಸಿಟ್ಟನ್ನು ಮಾತ್ರ ಬೇಕೆಂದೇ ಬರೆಯುತ್ತಿದ್ದೇನೆ. ಈ ಕಾಗದ ನಿಮ್ಮ 2026ರ ಮಹಾನವಮಿಗೆ ನಾಲ್ಕು ದಿನ ಮೊದಲು ನಿಮ್ಮ ಮೇಜಿಗೆ ಬಂದರೆ ಸಾಕು.

ನಮ್ಮ ಕಾಲದಲ್ಲಿ ಯಾರ ಮುಖವನ್ನಾದರೂ, ಯಾರ ದನಿಯನ್ನಾದರೂ, ಯಾವ ಸರ್ಟಿಫಿಕೇಟನ್ನಾದರೂ ಮನೆಯಲ್ಲೇ ಕುಳಿತು ಹುಟ್ಟಿಸಬಹುದು. ಹಾಗಾಗಿ ಕಾಗದಪತ್ರವನ್ನು ಯಾರೂ ನಂಬುವುದಿಲ್ಲ, ಓದುಸರಪಳಿಯನ್ನು ನಂಬುತ್ತಾರೆ. ನಿನಗೆ ಕಲಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂದು ಮೇಲೆ ಮೇಲೆ ಹೋಗುವ ಹೆಸರುಗಳ ಸಾಲು ಅದು. ರೊಟ್ಟಿ ತಟ್ಟಲು ಕಲಿಸುವವಳೂ ಬಾಗಿಲಿಗೆ ತನ್ನ ಸರಪಳಿ ತೂಗುಹಾಕುತ್ತಾಳೆ. ನೆಂಟರು ಬಂದರೆ ಊಟ ಆಯಿತೇ ಎನ್ನುವ ಮೊದಲೇ ಸರಪಳಿ ಕೇಳುತ್ತಾರೆ. ನಮ್ಮದು ನಿಮ್ಮ ಕಾಲೇಜಿನಲ್ಲಿ ತುಂಡಾಗಿದೆ.

ನಿಮಗೆ ಗೊತ್ತಿಲ್ಲವೆನ್ನಬೇಡಿ. ಶ್ರಾವಣದಲ್ಲಿ ಶಹನಾಜ್ ಮುಲ್ಲಾ ಎಂಬಾಕೆ ಬಸ್ಸಿಳಿದು ನಿಮ್ಮ ಕೋಣೆಗೆ ಬಂದಿದ್ದಳು. ಕಾಲೇಜಿನ ಕಂಪ್ಯೂಟರು ಕಾಯುವುದು ಹೇಗೆಂದು ಸಣ್ಣ ಸಣ್ಣ ಕಾಲೇಜುಗಳ ಸಿಬ್ಬಂದಿಗೆ ಹೇಳಿಕೊಡುವ ಹೆಂಗಸು. ಎರಡು ದಿನದ ತರಬೇತಿ. ಬಸ್ ಚಾರ್ಜು, ಮಧ್ಯಾಹ್ನದ ಊಟ ಕೊಟ್ಟರೆ ಸಾಕೆಂದಳು. ನೀವು ಚಹಾ ಕೊಟ್ಟು ನಕ್ಕಿರಿ. ನಿಮ್ಮ ಮಗಳು, ನನ್ನ ಮುತ್ತಜ್ಜಿ ಪ್ರಭಾವತಿ ಅಲ್ಲೇ ಕುಳಿತಿದ್ದಳು, ಅದಕ್ಕೇ ಆ ಮಾತು ನಮ್ಮವರೆಗೂ ಬಂದಿದೆ.

"ನಮ್ಮ ಮಂದಿ ಕಳ್ಳರಲ್ಲ ತಂಗಿ. ಮನ್ಯಾಗ ಒಬ್ಬರಿಗೊಬ್ಬರು ಮುಚ್ಚಿಡತಾರೇನು?"

"ಕಳ್ಳ ನಿಮ್ಮ ಮಂದ್ಯಾಗಿಲ್ರಿ ಸರ. ಅವಗ ಬಾಗಿಲಾ ತೆಗಿಯೋರು ನಿಮ್ಮ ಮಂದೀನ."

ಆಕೆಯನ್ನು ಬಸ್‌ಸ್ಟ್ಯಾಂಡಿಗೆ ಕಳಿಸಿಕೊಟ್ಟಿರಿ. ಇನ್ನು ಮುಂದಿನದು ನಿಮಗೆ ಆಗಬೇಕಾದದ್ದು, ನಮಗೆ ಆಗಿಹೋದದ್ದು. ಆಯುಧಪೂಜೆ ಬಂತು. ಕ್ಲರ್ಕ್ ಗಂಗವ್ವ ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ ಹಾಕಿದಳು. ಎಲ್ಲರೂ ಬಳಸಲೆಂದು ಪರದೆಗೆ ಅಂಟಿಸಿದ್ದ ಪಾಸ್‌ವರ್ಡಿನ ಚೀಟಿಯೂ ಆಯುಧವೇ ಅಲ್ಲವೇ ಎಂದು ನೀವು ಅದಕ್ಕೂ ಕುಂಕುಮ ಹಚ್ಚಿದಿರಿ. ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಅದನ್ನು ಕಾಲೇಜಿನ ಫೇಸ್‌ಬುಕ್ಕಿಗೆ ಹಾಕಿದಿರಿ. ನಿಮ್ಮ ಹೆಗಲ ಪಕ್ಕ ಚೀಟಿ ಸ್ಪಷ್ಟವಾಗಿ ಓದಬರುತ್ತಿತ್ತು. ದೀಪಾವಳಿಯೊಳಗೆ ಯಾರೋ ಒಳಹೊಕ್ಕು ಇಪ್ಪತ್ತು ವರ್ಷದ ಅಂಕಗಳನ್ನು ಕಲಸಿಹಾಕಿದರು. ಬೇರೆ ಪ್ರತಿ ಇರಲಿಲ್ಲ. ಸುಳ್ಳು ಯಾವುದು, ನಿಜ ಯಾವುದು ಹೇಳಲಾಗದೆ ವಿಶ್ವವಿದ್ಯಾಲಯದವರು ಎಲ್ಲರ ಪದವಿಯನ್ನೂ ರದ್ದು ಮಾಡಿದರು. ಅಲ್ಲೇ ಓದಿದ್ದ ಪ್ರಭಾವತಿಯದೂ ಹೋಯಿತು. ಗಂಗವ್ವನನ್ನು ನೌಕರಿಯಿಂದ ತೆಗೆದಿರಿ. ನಿಮ್ಮ ಕುರ್ಚಿ ನಿಮ್ಮ ಕೆಳಗೇ ಉಳಿಯಿತು. ಇದನ್ನು ನಾನು ಕ್ಷಮಿಸಿಲ್ಲ.

ಅಲ್ಲಿಂದೀಚೆಗೆ, ಸರಪಳಿ ತುಂಡಾದ ಮನೆಯೆಂದು, ನಮ್ಮ ಮಕ್ಕಳನ್ನು ಯಾವ ಶಾಲೆಯೂ ಸೇರಿಸಿಕೊಂಡಿಲ್ಲ. ಪ್ರಭಾವತಿ ಮನೆಯಲ್ಲೇ ಕಲಿಸಿದಳು. ಅದೇ ಓದು ತಾಯಿಯಿಂದ ಮಗಳಿಗೆ ಇಳಿಯುತ್ತ ನನಗೆ ಬಂತು, ಉಳಿದದ್ದು ನಾನೇ ತಡಕಾಡಿ ಕಲಿತೆ. ನನ್ನ ಮೊಮ್ಮಗಳು ಇರಾವತಿಗೆ ಕಲಿಸಿದವಳು ನಾನು. ಹುಡುಗಿ ಲೆಕ್ಕದಲ್ಲಿ ಬೆಂಕಿ, ಮಾಸ್ತರಿಕೆ ಮಾಡಬೇಕೆನ್ನುತ್ತಾಳೆ. ಪರವಾನಗಿ ಮಂಡಳಿಯವರು ಒಂದೇ ದಾರಿ ಬಿಟ್ಟಿದ್ದಾರೆ: ಅಜ್ಜಿ ನನಗೆ ಏನನ್ನೂ ಕಲಿಸಿಲ್ಲ ಎಂದು ಬರೆದುಕೊಟ್ಟರೆ, ಬೇರೆಯವರ ಸರಪಳಿಗೆ ಸೇರಿಸುತ್ತಾರಂತೆ.

"ಅಜ್ಜೀ, ಬರೀಲೇನು?" ಎಂದು ಕೇಳಿದಳು. ಬರಿ ಎಂದೆ.

ನಾಳೆ ಮಧ್ಯಾಹ್ನ ಅವಳ ಸಹಿ. ಅದು ತಪ್ಪಬೇಕೆಂದರೆ, ಮುತ್ಯಾ, ನಿಮ್ಮ ಹಬ್ಬದೊಳಗೆ ಶಹನಾಜಳಿಗೆ ಫೋನ್ ಮಾಡಿ ಕರೆಸಿ. ಗಂಗವ್ವನ ಪಕ್ಕದಲ್ಲಿ ನೀವೂ ಕುಳಿತು ಕಲಿಯಿರಿ. ಕರೆಸದಿದ್ದರೆ, ಈ ಅಕ್ಷರ ಎಲ್ಲಿಂದ ಕಲಿತೆ ಎಂದು ಕೇಳಿದವರಿಗೆ ನಾನು ನಿಮ್ಮ ಹೆಸರು ಹೇಳುವುದಿಲ್ಲ. ಇರಾವತಿ ನನ್ನ ಹೆಸರು ಹೇಳುವುದಿಲ್ಲ.

ನೀಲಗಂಗಾ