ನಾಲ್ಕು ಮನೆ ಕೆಳಗೆ

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಕು, ಊಟವಾದ ಮೇಲೆ

ಪ್ರೀತಿಯ ಅಕ್ಕಾ,

ಗಂಟಲು ಹೇಗಿದೆ? ‘ಪರವಾಗಿಲ್ಲ’ ಎಂದು ಮಾತ್ರ ಬರೆಯಬೇಡ. ನಿನ್ನ ಎಲ್ಲ ಕಾಗದಗಳಲ್ಲೂ ಆ ಪದ ಒಂದೇ ಜಾಗದಲ್ಲಿ, ಮೊಹರು ಒತ್ತಿದ ಹಾಗೆ ಕೂತಿದೆ. ಆಪರೇಷನ್ ಆದ ಮೇಲೆ ಎರಡು ತಿಂಗಳು ಬಾಯಿ ಬಿಡಬಾರದು ಎಂದು ಡಾಕ್ಟರು ಹೇಳಿದ್ದನ್ನು ನಾನೂ ನಿನ್ನ ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಇಲ್ಲಿದ್ದರೆ ಮಾತಾಡದೆ ಇರಲಾರೆ ಎಂದು ಚಿಕ್ಕಮ್ಮನ ಮನೆಗೆ ಹೋದೆ, ಸರಿ. ಫೋನಿನ ಮೇಲೆ ಬೆರಳು ಕುಟ್ಟುವುದು ನಿನ್ನಿಂದಾಗದು, ಅದಕ್ಕೆ ಕಾಗದ, ಅದೂ ಸರಿ. ಆದರೆ ಡಾಕ್ಟರು ಕೊಟ್ಟ ಗಡುವು ಮುಗಿದು ಎಷ್ಟು ಕಾಲವಾಯಿತು? ಈಗಲೂ ನಾನು ಫೋನ್ ಮಾಡಿದರೆ ಚಿಕ್ಕಮ್ಮನೇ ಎತ್ತುತ್ತಾಳೆ. ‘ಅವಳು ಸ್ನಾನಕ್ಕೆ ಹೋಗಿದಾಳೆ ಕಣೋ’ ಎನ್ನುತ್ತಾಳೆ. ಬೆಳಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಇಷ್ಟು ಹೊತ್ತಿಗೆ ನೀನು ಸೋಪಿನ ಹಾಗೆ ಕರಗಿ ಹೋಗಿರಬೇಕಿತ್ತು. ಏನೋ ಮುಚ್ಚಿಡುತ್ತಿದ್ದೀಯ ಎಂದು ನನಗೆ ಅನುಮಾನ. ಹೇಳದಿದ್ದರೆ ಬೇಡ, ನಾನೇ ಕಂಡುಹಿಡಿಯುತ್ತೇನೆ.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ನನ್ನವಳು ಹೊಸ ಕನ್ನಡಕ ಹಾಕಿಸಿಕೊಂಡಳು, ಈಗ ನನ್ನ ಶರ್ಟಿನ ಮೇಲಿನ ಗ್ರೀಸಿನ ಕಲೆ ಅವಳಿಗೆ ಬೀದಿ ತಿರುವಿನಿಂದಲೇ ಕಾಣುತ್ತದೆ. ನನ್ನ ಕೆಲಸ ಮೇಲೆ ಕೆಳಗೆ, ಮೇಲೆ ಕೆಳಗೆ. ಮೊನ್ನೆ ಆಸ್ಪತ್ರೆಯ ಲಿಫ್ಟು ಎರಡನೇ ಮಹಡಿ ದಾಟುವಾಗ ಸಣ್ಣಗೆ ಕಿರ್ ಅನ್ನುತ್ತಿತ್ತು. ‘ಸುಮ್ನೆ ಸದ್ದು ಮಾಡುತ್ತೆ ಬಿಡಿ’ ಅಂದ ವಾಚ್‌ಮನ್. ನಾನು ಬಿಡಲಿಲ್ಲ. ಬಿಚ್ಚಿ ನೋಡಿದರೆ ಒಂದು ರೋಲರ್ ಸವೆದು ಅರ್ಧವಾಗಿತ್ತು. ಯಾವ ಸದ್ದೂ ಸುಮ್ಮನೆ ಬರುವುದಿಲ್ಲ ಅಕ್ಕಾ. ನಿಮ್ಮದು ಬರೀ ಅನುಮಾನದ ಬುದ್ಧಿ ಎಂದು ನನ್ನವಳು ಆಡಿಕೊಳ್ಳುತ್ತಾಳೆ. ಆ ಬುದ್ಧಿಯಿಂದಲೇ ಈ ಊರಿನ ಅರ್ಧ ಜನ ಕ್ಷೇಮವಾಗಿ ಮಹಡಿ ಹತ್ತುತ್ತಿದ್ದಾರೆ ಎಂದು ಅವಳಿಗೆ ಯಾರು ಹೇಳುವುದು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬ್ಯಾಂಡಿನಲ್ಲಿ ಏನೋ ನಡೆಯುತ್ತಿದೆ. ನೀನು ಹೋದ ಮೇಲೆ ಮದುವೆ ಮನೆಗಳಲ್ಲಿ ಮೇಷ್ಟ್ರೇ ಕೀಬೋರ್ಡ್ ನುಡಿಸುತ್ತಾ ಹಾಡಿಕೊಂಡು ಹೇಗೋ ದೂಡುತ್ತಿದ್ದರು. ಅವರು ಹಾಡಿದರೆ ಲೆಕ್ಕದ ಪಾಠ ಕೇಳಿದ ಹಾಗಿರುತ್ತದೆ, ಒಂದೂ ತಪ್ಪಿಲ್ಲ, ನಿದ್ದೆ ಬರುತ್ತದೆ. ಅಂಥ ಮೇಷ್ಟ್ರು ಹೋದ ತಿಂಗಳು ಪ್ರಾಕ್ಟೀಸಿಗೆ ಬಂದವರೇ, ನೀನು ಹಾಡುತ್ತಿದ್ದ ಹಾಡುಗಳನ್ನೆಲ್ಲ ಹೊರಗೆ ತೆಗೆದು, ‘ಇವನ್ನ ಮೂರು ಮನೆ ಇಳಿಸಿ ನೋಡೋಣ’ ಎಂದರು. ಯಾಕೆ ಎಂದೆ. ‘ಸುಮ್ನೆ’ ಎಂದರು. ನನ್ನ ಕಿವಿ ಆಗಲೇ ನೆಟ್ಟಗಾಯಿತು. ಮನೆಗೆ ಬಂದು ಇವಳ ಮುಂದೆ, ಮೂರು ಮನೆ ಇಳಿಸುತ್ತಿದ್ದಾರೆ ಕಣೇ ಎಂದು ತಲೆ ಮೇಲೆ ಕೈ ಹೊತ್ತು ಕೂತರೆ, ‘ಯಾರ ಮನೆ ಕೆಡವ್ತಿದಾರೆ, ರಸ್ತೆ ಅಗಲ ಮಾಡ್ತಾರಂತಾ’ ಎಂದಳು. ಹಾಡಿನ ಶ್ರುತಿ ಏರಿಸುವ ಇಳಿಸುವ ಒಂದೊಂದು ಮೆಟ್ಟಿಲಿಗೂ ನಾವು ಮನೆ ಅನ್ನುತ್ತೇವೆ ಎಂದು ಅವಳಿಗೆ ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದೇನೆ. ನಾನು ನುಡಿಸುವ ಬೇಸ್ ಗಿಟಾರಿಗೆ ನಾಲ್ಕೇ ತಂತಿ ಯಾಕೆ, ಮಿಕ್ಕ ಎರಡು ಕಿತ್ತುಹೋದವಾ ಎಂದು ಇವತ್ತಿಗೂ ಕೇಳುವವಳು ಅವಳು.

ಮುಂದಿನ ವಾರ ಮೂರು ಮನೆ ಸಾಲದು, ನಾಲ್ಕು ಮಾಡಿ ಎಂದರು. ನಾಲ್ಕು ಮನೆ ಇಳಿಸಿದರೆ ನನ್ನ ಗತಿ ಏನು ಎಂದು ಯಾರೂ ಯೋಚಿಸಲಿಲ್ಲ. ನಿನ್ನ ಮೆಚ್ಚಿನ ಹಾಡನ್ನೇ ತೆಗೆದುಕೋ. ಅದನ್ನು ನಾಲ್ಕು ಮನೆ ಕೆಳಗೆ ಒಯ್ದರೆ ನನ್ನ ದಪ್ಪ ತಂತಿಯಲ್ಲೂ ಜಾಗವಿರುವುದಿಲ್ಲ. ಲಿಫ್ಟು ತಳಕ್ಕೆ ಬಂದು ನಿಂತ ಮೇಲೆ ಇನ್ನೂ ಕೆಳಗೆ ಇಳಿ ಎಂದ ಹಾಗೆ. ಗಿಟಾರ್ ನುಡಿಸುವ ಒಂಟೆ ತನ್ನ ಉದ್ದ ಕತ್ತು ನನ್ನ ಕಡೆ ಚಾಚಿ, ‘ದಪ್ಪ ತಂತಿ ಸಡಿಲ ಬಿಡಪ್ಪಾ, ಆಗ ಸಿಗುತ್ತೆ’ ಎಂದ. ಸಿಗುತ್ತದೆ ಎಂದು ನನಗೂ ಗೊತ್ತು. ಆದರೆ ಯಾರಿಗೋಸ್ಕರ ಬಿಡಲಿ? ಮೇಷ್ಟ್ರ ದನಿಗೆ ಆ ಶ್ರುತಿ ಕೂಡುವುದಿಲ್ಲ. ಒಂಟೆ ಹಾಡುವುದೇ ಇಲ್ಲ. ನಿನ್ನ ದನಿಗಂತೂ ಅದು ಪಾತಾಳ. ಅಂದ ಮೇಲೆ ಅದು ಇನ್ಯಾರದೋ ಗಂಟಲಿನ ಅಳತೆ. ಬಟ್ಟೆ ಹೊಲಿಯುತ್ತಿದ್ದಾರೆ, ತೊಡುವವರು ಯಾರೆಂದು ಹೇಳುತ್ತಿಲ್ಲ. ನಾನು ಸಡಿಲ ಬಿಡಲಿಲ್ಲ. ಕೆಳಗಿನ ಸ್ವರ ಬಂದಾಗಲೆಲ್ಲ ಮೇಲಕ್ಕೆ ಹಾರಿ, ಕಾಲಿಗೆ ಮುಳ್ಳು ಚುಚ್ಚಿದವನ ಹಾಗೆ ನುಡಿಸಿದೆ. ಕೇಳಲು ಕೆಟ್ಟದಾಗಿತ್ತು, ಇರಲಿ ಎಂದು ಬಿಟ್ಟೆ.

ಟೈರ್ ಅಂಗಡಿಯವನ ನಡವಳಿಕೆಯೂ ಸರಿಯಿಲ್ಲ. ಅವನ ಗೋಡೌನು ನಿನಗೆ ನೆನಪಿದೆಯಲ್ಲ, ಸುತ್ತ ಟೈರುಗಳ ಗೋಪುರ, ನಡುವೆ ಅವನ ಡ್ರಮ್ಮು, ಬಾಗಿಲ ಹತ್ತಿರ ನಿನ್ನ ಮೈಕು. ನೀನು ಹೋದಾಗಿನಿಂದ ಮೈಕಿನ ಸ್ಟ್ಯಾಂಡು ಮೇಷ್ಟ್ರ ಎತ್ತರಕ್ಕಿತ್ತು. ಬುಧವಾರ ಹೋಗಿ ನೋಡಿದರೆ ನನ್ನ ಎದೆ ಮಟ್ಟಕ್ಕೆ ಇಳಿದಿದೆ, ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಮೆತ್ತನೆ ದಿಂಬು. ಕೇಳಿದರೆ, ‘ಒರೆಸೋಕೆ ಇಳಿಸಿದ್ದೆ’ ಎಂದ. ಹುಟ್ಟಿದಾಗಿನಿಂದ ಒಂದು ವಸ್ತುವನ್ನೂ ಒರೆಸದ ಮನುಷ್ಯ ಅವನು. ಅವನ ಡ್ರಮ್ಮಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಯಾರೋ ಕೂತು ಹಾಡಲಿದ್ದಾರೆ, ಗಿಡ್ಡಗಿರುವವರು, ನಾಜೂಕಿನವರು, ದಿಂಬು ಬೇಕಾದವರು. ನೀನು ನಿಂತೇ ಹಾಡುತ್ತಿದ್ದೆ, ಚಪ್ಪಲಿ ಬಿಟ್ಟು. ನಿನ್ನ ಚಪ್ಪಲಿ ಬಿಡುವ ಜಾಗದಲ್ಲಿ ಆ ದಿಂಬಿನ ಸ್ಟೂಲು ನೋಡಿ ನನಗೆ ಹೊಟ್ಟೆ ಉರಿಯಿತು.

ಎಲ್ಲಕ್ಕಿಂತ ಬೇಜಾರಿನ ಸಂಗತಿ, ಅಮ್ಮನೂ ಇದರಲ್ಲಿ ಸೇರಿಕೊಂಡಿದ್ದಾಳೆ. ಅಡುಗೆ ಮನೆಯಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಏನೋ ಕೇಳುತ್ತಿರುತ್ತಾಳೆ, ನಾನು ಒಳಗೆ ಕಾಲಿಟ್ಟರೆ ಸೆರಗಿನಡಿ ಸೇರಿಸುತ್ತಾಳೆ. ಕಣ್ಣು ಕೆಂಪಗಿತ್ತು, ಯಾಕೆ ಎಂದರೆ ಈರುಳ್ಳಿ ಎಂದಳು. ಮಣೆಯ ಮೇಲೆ ಈರುಳ್ಳಿಯ ಸಿಪ್ಪೆಯೂ ಇರಲಿಲ್ಲ. ಆಮೇಲೆ ಬಡಿಸುತ್ತಾ, ಎಲ್ಲೋ ನೋಡುತ್ತಾ, ‘ಬೇರೆ ದನಿ ಬಂದ್ರೆ ನಿಂಗೆ ಒಗ್ಗುತ್ತೇನೋ’ ಎಂದು ಕೇಳಿದಳು. ಮೇಷ್ಟ್ರು ಇವಳನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾರೆ ಎಂದು ಆಗ ಖಾತ್ರಿಯಾಯಿತು. ಹೆತ್ತ ಮಗಳ ಜಾಗಕ್ಕೆ ಇನ್ನೊಬ್ಬಳನ್ನು ಕೂರಿಸಲು ತಾಯಿಯೇ ಒಪ್ಪಿಗೆ ಕೊಟ್ಟರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಶುಕ್ರವಾರ ತಡೆಯಲಾಗದೆ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದೆ. ಯಾರವಳು ಎಂದು ನೇರವಾಗಿ ಕೇಳಿದೆ. ಅವರು ಒಂಟೆಯ ಮುಖ ನೋಡಿದರು, ಒಂಟೆ ಟೈರಿನವನ ಮುಖ ನೋಡಿದ, ಟೈರಿನವನು ಟೈರುಗಳನ್ನು ನೋಡಿದ. ಕೊನೆಗೆ ಮೇಷ್ಟ್ರು, ‘ಹೆಸರು ಕೇಳಬೇಡ, ಊರು ಕೇಳಬೇಡ. ಹಾಡು ಕೇಳು, ಜೊತೆಗೆ ನುಡಿಸು, ಏನನ್ನಿಸ್ತೋ ಹೇಳು’ ಎಂದು ಫೋನನ್ನು ಸ್ಪೀಕರಿಗೆ ಸಿಕ್ಕಿಸಿದರು. ನಿನ್ನ ಮೆಚ್ಚಿನ ಹಾಡೇ, ನಾಲ್ಕು ಮನೆ ಕೆಳಗೆ. ಹೆಣ್ಣು ದನಿ. ತಗ್ಗಿನದು, ಒಳಗೆ ಮರಳು ಸೇರಿದಂಥದ್ದು. ಪಲ್ಲವಿಯ ಎತ್ತರದ ಜಾಗಕ್ಕೆ ಹೋಗುವ ಮುಂಚೆ ಅಂಜುತ್ತದೆ, ಹೋಗಿ ಸೇರಿದ ಮೇಲೆ ಅಲ್ಲೇ ಕೂತುಬಿಡುತ್ತದೆ. ಚರಣದ ಕೊನೆಯಲ್ಲಂತೂ ಆ ಹೆಂಗಸು ಮೂಲ ರೆಕಾರ್ಡಿನಲ್ಲಿ ಇಲ್ಲದ ಜಾಗದಲ್ಲಿ ಒಂದು ಉಸಿರಿನಷ್ಟು ಹೊತ್ತು ತಡೆದಳು. ಟೈರಿನವನು ಅಲ್ಲಿ ಮುಗ್ಗರಿಸಿ ಬಿದ್ದ, ಒಂಟೆಯೂ ಬಿದ್ದ, ನಾನು ಮಾತ್ರ ಅವಳ ಜೊತೆಗೇ ದಾಟಿದೆ. ಅನುಭವ ಎಂದರೆ ಇದು ಎಂದು ಅವರಿಗೆ ಎರಡು ಮಾತು ಕೇಳಿಸಿಯೂ ಬಂದೆ.

ಅಕ್ಕಾ, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ನನ್ನ ಹೊಗಳಿಕೆಯನ್ನು ನೀನು ಯಾವತ್ತೂ ನಂಬಿದವಳಲ್ಲ. ‘ನೀನು ನನ್ನ ತಮ್ಮ, ಕತ್ತೆ ಹಾಗೆ ಕಿರುಚಿದ್ರೂ ಚೆನ್ನಾಗಿತ್ತು ಅಂತೀಯ’ ಎನ್ನುತ್ತಿದ್ದೆ. ಈ ಹೆಂಗಸು ನನಗೆ ಅಕ್ಕನೂ ಅಲ್ಲ, ತಂಗಿಯೂ ಅಲ್ಲ, ಆದ್ದರಿಂದ ಇದನ್ನು ನಂಬು. ಮೊದಲ ಸಾಲಿಗೆ ನನಗೆ ಸಿಟ್ಟೇ ಬಂತು. ಎರಡನೇ ಸಾಲಿಗೆ ಸಿಟ್ಟು ಎಲ್ಲಿ ಹೋಯಿತೋ. ಅವಳ ದನಿಯಲ್ಲಿ ಸಿಹಿ ಇಲ್ಲ, ನಿನ್ನ ಹಾಗೆ ಹಾರಿ ಕೂರುವ ಚುರುಕೂ ಇಲ್ಲ. ಆದರೆ ಏನನ್ನೋ ಕಳೆದುಕೊಂಡು, ಉಳಿದದ್ದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಡುವವರ ಹಾಗೆ ಹಾಡುತ್ತಾಳೆ. ನಿನ್ನ ಜಾಗವಲ್ಲದೆ ಬೇರೆ ಯಾವ ಜಾಗಕ್ಕೆ ಬಂದಿದ್ದರೂ ಈಕೆಯ ಹಿಂದೆ ನಿಂತು ಸಂತೋಷವಾಗಿ ನುಡಿಸುತ್ತಿದ್ದೆ. ಮೇಷ್ಟ್ರಿಗೂ ಇದನ್ನೇ ಹೇಳಿದೆ. ‘ದನಿ ಒಳ್ಳೇದೇ, ಆದ್ರೆ ಅದು ನಮ್ಮಕ್ಕನ ಜಾಗ’ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಈಚೆಗೆ ಈ ಊರಿನಲ್ಲಿ ಎಲ್ಲರಿಗೂ ಒರೆಸುವ ಹುಚ್ಚು. ಹಾಡನ್ನು ನನ್ನ ಫೋನಿಗೂ ಕಳಿಸಿ, ಮನೆಯಲ್ಲಿ ಒಮ್ಮೆ ಒಬ್ಬನೇ ನುಡಿಸು ಎಂದರು. ನಾನು ಅದನ್ನು ತೆರೆದಿಲ್ಲ.

ಆದ್ದರಿಂದ ಅಕ್ಕಾ, ಈ ಕಾಗದ ತಲುಪಿದ ಕೂಡಲೇ ಹೊರಟು ಬಾ. ‘ನನ್ನ ಜಾಗಕ್ಕೆ ಯಾರನ್ನಾದರೂ ನೋಡಿಕೊಳ್ಳಿ’ ಎಂದು ನೀನು ಬರೆದದ್ದನ್ನು ಬ್ಯಾಂಡಿನವರು ನಿಜವೆಂದೇ ಹಿಡಿದುಕೊಂಡಿದ್ದಾರೆ. ಹಾಡದಿದ್ದರೆ ಪರವಾಗಿಲ್ಲ, ಬಂದು ಆ ದಿಂಬಿನ ಮೇಲೆ ಸುಮ್ಮನೆ ಕೂತುಕೋ. ನೀನಿಲ್ಲದೆ ಆ ಗೋಡೌನಿನಲ್ಲಿ ನನಗೆ ಉಸಿರು ಕಟ್ಟುತ್ತದೆ. ಚಿಕ್ಕಪ್ಪ ಹೋಗಿ, ಆಮೇಲೆ ನಿನ್ನ ಸಂಸಾರ ಮುರಿದು, ಎಷ್ಟೆಲ್ಲ ಆದಾಗಲೂ ನೀನು ಒಂದು ದಿನವೂ ಹಾಡು ತಪ್ಪಿಸಿದವಳಲ್ಲ. ಈಗ ಬಾಗಿಲು ಹಾಕಿಕೊಂಡು ಕೂತರೆ ನನಗೆ ಭಯವಾಗುತ್ತದೆ, ಇದನ್ನು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಜೊತೆಗೆ ಸ್ನಾನದ ಕಥೆ ಇನ್ನು ನಡೆಯುವುದಿಲ್ಲ ಎಂದೂ ತಿಳಿಸು. ಅಮ್ಮ ನಿನಗೆ ಆಶೀರ್ವಾದ ಕಳಿಸಿದ್ದಾಳೆ, ಅವಳ ಮೇಲೆ ನನಗೆ ಇನ್ನೂ ಸಿಟ್ಟಿದೆ. ನನ್ನವಳು ನಿನ್ನನ್ನು ಕೇಳಿದಳು. ಬಿಸಿನೀರು ಕುಡಿಯುತ್ತಿರು.

ನಿನ್ನ ಪ್ರೀತಿಯ ತಮ್ಮ,
ದುಮ್ಮ
(ತೂಕ ಇನ್ನೂ ಇಳಿದಿದೆ. ಬೇಸನ್ನು ದುಂ ದುಂ ಅನ್ನಿಸುವವನಿಗೆ ದುಮ್ಮ ಎಂದು ಹೆಸರಿಟ್ಟವಳು ನೀನು, ಕಡ್ಡಿಯಂಥ ನನ್ನನ್ನು ನೋಡಿದವರು ನಗುತ್ತಾರೆ.)

ಮರೆತ ಮಾತು: ಕವರು ಅಂಟಿಸುವಷ್ಟರಲ್ಲಿ ನನ್ನವಳು, ಅಷ್ಟೊಂದು ಬೈತೀರಲ್ಲ, ನನಗೂ ಒಮ್ಮೆ ಕೇಳಿಸಿ ಎಂದಳು. ಮಂಚದ ಅಂಚಿನಲ್ಲಿ ಕೂತು, ಫೋನಿನಲ್ಲಿ ಹಾಡು ಹಾಕಿ, ಬೇಸನ್ನು ತೊಡೆಯ ಮೇಲಿಟ್ಟು, ಸ್ಪೀಕರಿಗೆ ಸಿಕ್ಕಿಸದೆ ಬರೀ ತಂತಿಯಲ್ಲಿ ಜೊತೆಗೆ ನುಡಿಸಿದೆ. ಚರಣದ ಕೊನೆಯ ಪದ ಬರುವ ಮುಂಚೆ ನನ್ನ ಬೆರಳು ತಾನಾಗಿ ನಿಂತಿತು. ಆ ಹೆಂಗಸು ತಡೆಯುವ ಮುಂಚೆಯೇ ನಿಂತಿತು ಅಕ್ಕಾ. ಅಲ್ಲಿ ಒಂದು ಉಸಿರು ಬರಲಿದೆ ಎಂದು ಬೆರಳಿಗೆ ಹೇಗೆ ಗೊತ್ತಾಯಿತು? ರೆಕಾರ್ಡಿನಲ್ಲಿ ಹಾಗಿಲ್ಲ ಎಂದು ಮೇಷ್ಟ್ರು ಎಷ್ಟು ಸಲ ಬೈದರೂ ಆ ಜಾಗದಲ್ಲಿ ಉಸಿರೆಳೆಯುವವಳು ಈ ಲೋಕದಲ್ಲಿ ಒಬ್ಬಳೇ. ‘ದುಮ್ಮಾ, ಅಲ್ಲಿ ಸ್ವಲ್ಪ ಹಿಡ್ಕೋ’ ಎನ್ನುತ್ತಿದ್ದವಳೂ ಅವಳೇ. ಇಡೀ ಊರಿನ ಮೇಲೆ ಅನುಮಾನ ಪಟ್ಟ ನನಗೆ ಸ್ವಂತ ಅಕ್ಕನ ದನಿ ಗೊತ್ತಾಗಲಿಲ್ಲ. ಮೇಲೆ ಬರೆದದ್ದನ್ನು ಹೊಡೆದು ಹಾಕಲು ಪೆನ್ನು ಎತ್ತಿದೆ, ಆಮೇಲೆ ಬಿಟ್ಟೆ. ತಮ್ಮನದಲ್ಲದ ಮಾತು ನಿನಗೆ ಬೇಕಿತ್ತಲ್ಲ, ಅದು ಅಲ್ಲಿದೆ, ಎಲ್ಲವೂ ನಿಜ. ಇವಳು ಒಳಗೆ ಅಮ್ಮನನ್ನು ಹಿಡಿದುಕೊಂಡು ಅಳುತ್ತಿದ್ದಾಳೆ, ಈ ಸಲವೂ ಈರುಳ್ಳಿ ಇಲ್ಲ. ನಾನು ಬಿರಡೆ ತಿರುಗಿಸಿ ದಪ್ಪ ತಂತಿ ಸಡಿಲ ಬಿಟ್ಟಿದ್ದೇನೆ. ನಾಲ್ಕು ಮನೆ ಸಾಲದಿದ್ದರೆ ಐದು ಇಳಿಸು, ಕೆಳಗೆ ಈಗ ಜಾಗವಿದೆ. ಗುರುವಾರದ ಹೊತ್ತಿಗೆ ಇದು ನಿನ್ನ ಕೈ ಸೇರಿರುತ್ತದೆ, ಅವತ್ತು ಸಂಜೆ ಫೋನ್ ಮಾಡುತ್ತೇನೆ, ನೀನೇ ಎತ್ತು, ದನಿ ಹೇಗೇ ಇರಲಿ. ಮಾತು ಬರುವುದು ತಡವಾದರೆ ತಡವಾಗಲಿ. ನಾನು ಹಿಡಿದುಕೊಂಡಿರುತ್ತೇನೆ.