ಬಾಸ್ಟನ್ ಮುಂದಿನ ವಾರಕ್ಕೆ

ಪೆರಂಬೂರು, ಚೆನ್ನೈ
೨೦ ಫೆಬ್ರವರಿ ೨೦೨೫

ಪ್ರೀತಿಯ ಇವರಿಗೆ,

ಅಂಬುಜಾಳ ನಮಸ್ಕಾರಗಳು. ಮದುವೆಯಾದಾಗಿನಿಂದ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಕಾಗದದಲ್ಲಿ ಆ ಅಭ್ಯಾಸ ಹೊಸದಾಗಿ ಬೇಡವೆಂದು ‘ಇವರಿಗೆ’ ಎಂದೇ ಬರೆದಿದ್ದೇನೆ. ಆರೋಗ್ಯ ಹೇಗಿದೆ? ಮಾತ್ರೆಗಳನ್ನು ಊಟವಾದ ಮೇಲೆಯೇ ತೆಗೆದುಕೊಳ್ಳುತ್ತಿದ್ದೀರಷ್ಟೆ? ಎದೆಯಲ್ಲಿ ಸ್ಟೆಂಟ್ ಕೂತಿರುವುದನ್ನು ಮರೆತು, ಸಂಜೆ ವಾಕಿಂಗ್ ನೆಪದಲ್ಲಿ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಮುಂದೆ ನಿಲ್ಲುತ್ತೀರಂತೆ. ಒಂದು ತಿಂದರೆ ಸಾಕು. ನನ್ನ ಮಂಡಿನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಬಾಲ್ಕನಿಯ ಕರಿಬೇವು ಚಿಗುರಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಪತ್ರಿಕೆಯ ಚಿಂತೆ ಕೂಡದು ಎಂದು ಡಾಕ್ಟರು ಹೇಳಿದ್ದನ್ನು ನಮ್ಮ ಮಗಳು ಶಾಸನದ ಹಾಗೆ ಹಿಡಿದಿದ್ದಾಳೆ. ನಾನು ‘ಈ ವಾರದ ಸಂಚಿಕೆ’ ಎನ್ನುವಷ್ಟರಲ್ಲಿ ನಿಖಿತಾ ನಿಮ್ಮ ಕೈಯಿಂದ ಫೋನ್ ತೆಗೆದುಕೊಂಡು ‘ಅಮ್ಮಾ, ಅದೆಲ್ಲ ಆಮೇಲೆ’ ಎನ್ನುತ್ತಾಳೆ. ಬ್ಯಾಂಕಿನ ಕೆಲಸಕ್ಕೆ ಇಲ್ಲಿಗೆ ಬಂದಿದ್ದ ಅಳಿಯ ಪ್ರಮೋದ್ ನಾಳೆ ದಾವಣಗೆರೆಗೆ ಹಿಂತಿರುಗುತ್ತಾರೆ. ನಿಮ್ಮ ಕೈಗೇ ಕೊಡಬೇಕು ಎಂದು ಹೇಳಿ ಅವರ ಜೊತೆ ಈ ಕಾಗದ ಕಳಿಸುತ್ತಿದ್ದೇನೆ. ಕೂತುಕೊಂಡು ಓದಿ. ಕೆಟ್ಟ ಸುದ್ದಿ ಏನೂ ಇಲ್ಲ. ಆದರೆ ನಿಮಗೆ ಗೊತ್ತಿಲ್ಲದ ಸುದ್ದಿ ಇದೆ, ನಿಮಗೆ ಅದು ಹೆಚ್ಚು ಕಷ್ಟ.

ನೀವು ಮಗಳ ಮನೆಗೆ ಹೋದ ಮೇಲೆ ನಮ್ಮ ‘ವಾರಮಡಲ್’ ಒಂದು ಶನಿವಾರವೂ ತಪ್ಪಿಲ್ಲ. ರೈಲ್ವೆ ಕೋಚ್ ಫ್ಯಾಕ್ಟರಿಯಿಂದ ನಿವೃತ್ತರಾದ ಹೊಸದರಲ್ಲಿ ನೀವು ಶುರು ಮಾಡಿದ ಈ ಎಂಟು ಪುಟದ ಉಚಿತ ಪತ್ರಿಕೆ, ನೀವಿಲ್ಲದೆ ಹೊರಡುತ್ತದೆ ಎಂದು ನಾನೂ ನಂಬಿರಲಿಲ್ಲ. ಸುರೇಶ್ ಎಂದಿನಂತೆ ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಾರೆ. ತಮಿಳು, ಇಂಗ್ಲಿಷ್ ಸುದ್ದಿಗಳನ್ನು ನಾನು ತಿದ್ದುತ್ತೇನೆ. ಫ್ಯಾಕ್ಟರಿಯ ಕನ್ನಡದ ಮನೆಗಳಿಗೆಂದು ನೀವು ಮೀಸಲಿಟ್ಟ ಅರ್ಧ ಪುಟದಲ್ಲಿ ನಿಮ್ಮ ‘ಲೋಕದ ಪತ್ರಿಕೆಗಳು’ ಅಂಕಣ ಬರುತ್ತಿದೆ. ಆಸ್ಪತ್ರೆ ಸೇರುವ ಮೊದಲು ನೀವು ಬರೆದಿಟ್ಟ ಕಂತುಗಳನ್ನು ವಾರಕ್ಕೊಂದರಂತೆ ನಾನೇ ಟೈಪ್ ಮಾಡುತ್ತಿದ್ದೇನೆ. ಸ್ಟ್ರಾಸ್‌ಬರ್ಗಿನ ಕರೋಲಸ್ ಹಣವಂತರಿಗೆ ಸುದ್ದಿಯೋಲೆಗಳನ್ನು ಕೈಯಲ್ಲಿ ನಕಲು ಮಾಡಿ ಮಾಡಿ ಸಾಕಾಗಿ, ೧೬೦೫ರ ಹೊತ್ತಿಗೆ ಅಚ್ಚು ಹಾಕಲು ಹೊರಟದ್ದು, ಮಂಗಳೂರಿನಲ್ಲಿ ಪಾದ್ರಿ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದದ್ದು, ಕಲ್ಕತ್ತೆಯ ಹಿಕಿ ಗವರ್ನರ್ ಜನರಲನನ್ನೇ ಎದುರು ಹಾಕಿಕೊಂಡು ಜೈಲಿನೊಳಗಿಂದ ಪತ್ರಿಕೆ ನಡೆಸಿದ್ದು, ಅದೇ ಕಾಲದ ನಮ್ಮೂರಿನ ಮದ್ರಾಸ್ ಕೊರಿಯರ್ ಕಂಪನಿ ಸರ್ಕಾರದ ಕೃಪೆಯಲ್ಲಿ ಟಪಾಲು ಖರ್ಚಿಲ್ಲದೆ ಊರೂರಿಗೆ ಹೋದದ್ದು. ಇಷ್ಟು ವರ್ಷ ಇವರನ್ನೆಲ್ಲ ಟೈಪ್ ಮಾಡಿ ಮಾಡಿ ನನಗೆ ನೆಂಟರ ಹಾಗೆ ಆಗಿದ್ದಾರೆ. ಹಿಕಿಯ ಕಂತಿನ ದಿನ ನೀವು ನನ್ನ ಕುರ್ಚಿಯ ಹಿಂದೆ ನಿಂತು ‘ನೋಡು, ಇದಪ್ಪ ಗಂಡೆದೆ ಅಂದ್ರೆ’ ಎಂದಿರಿ. ಆ ವಾರ ನಮ್ಮ ಮೊದಲ ಪುಟದಲ್ಲಿ ಒಂದು ಚಿನ್ನದಂಗಡಿಯ ರಿಬ್ಬನ್ ಕತ್ತರಿಸುವ ಫೋಟೋ ಇತ್ತು. ಬರೆಯುವುದರಲ್ಲಿ ನೀವು ಹಿಕಿ, ನಡೆಸುವುದರಲ್ಲಿ ಮದ್ರಾಸ್ ಕೊರಿಯರ್. ಜಗಳಕ್ಕೆ ಹೇಳುತ್ತಿಲ್ಲ. ಕುಂಭಾಭಿಷೇಕ, ಕರೆಂಟು ಹೋಗುವ ವೇಳೆ, ತೀರಿಕೊಂಡವರ ಫೋಟೋ ಇವೂ ಜನಕ್ಕೆ ಬೇಕಾದವೇ.

ಪೊಂಗಲ್ ಕಳೆದ ಮೇಲೆ ಒಂದು ಬೆಳಿಗ್ಗೆ ಲೀಲಮ್ಮ ಬಂದರು. ಫ್ಯಾಕ್ಟರಿ ಕ್ಯಾಂಟೀನಿನಲ್ಲಿದ್ದ ಲೀಲಮ್ಮ, ಕಲ್ಯಾಣ ಮಂಟಪದ ಹಿಂದಿನ ಬೀದಿಯವರು. ಕೈಯಲ್ಲೊಂದು ನೀರಿನ ಬಾಟಲಿ. ಕುರ್ಚಿಯಲ್ಲಿ ಕೂರಲಿಲ್ಲ. ‘ಅಂಬುಜಮ್ಮಾ, ಪೈಪಲ್ಲಿ ಸಾಕ್ಕಡೆ ನಾತ ಬರ್ತಿದೆ. ಮೋಂದು ನೋಡಿ. ನಮ್ಮ ತೇಜುಗೆ ಮಂಜ ಕಾಮಾಲೆ. ಪಕ್ಕದ ಮನೇಲಿ ಇಬ್ಬರಿಗೆ. ಪೇಪರ್ ನಡೆಸ್ತೀರಲ್ಲ, ಇದನ್ನ ಪೋಡ ಮಾಟೀಂಗಳಾ?’ ಎಂದರು. ಹಾಕುವುದಿಲ್ಲವೇ ಎಂದು ಕೇಳಿದರೋ, ಹಾಕುವುದಿಲ್ಲ ಎಂದು ತೀರ್ಮಾನಿಸಿಯೇ ಬಂದಿದ್ದರೋ, ಧ್ವನಿಯಲ್ಲಿ ಗೊತ್ತಾಗಲಿಲ್ಲ. ಮೂಸಿ ನೋಡಿದೆ. ಚರಂಡಿಯ ವಾಸನೆಯೇ. ತೇಜು ನಿಮಗೆ ನೆನಪಿರಬೇಕು, ಅವರ ಮೊಮ್ಮಗಳು, ನಮ್ಮ ಮೆಟ್ಟಿಲ ಮೇಲೆ ಕೂತು ಪತ್ರಿಕೆಯ ಪದಬಂಧ ತುಂಬುತ್ತಿದ್ದವಳು. ಹೋಗಿ ನೋಡಿದಾಗ ಕಣ್ಣು ಅರಿಶಿನ ಸವರಿದ ಹಾಗಿತ್ತು. ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಆ ವಾರವೆಲ್ಲ ಆ ಬೀದಿಯಲ್ಲೇ ಓಡಾಡಿದೆ. ಮಂಟಪಕ್ಕಿಂತ ಮುಂಚಿನ ಮನೆಗಳಲ್ಲಿ ನೀರು ತಿಳಿಯಾಗಿತ್ತು. ಮಂಟಪ ದಾಟಿದ ಮನೆಗಳಲ್ಲಿ, ಅದರಲ್ಲೂ ಮುಹೂರ್ತದ ದಿನ ಊಟದ ಪಂಕ್ತಿಗಳು ಎದ್ದ ಮೇಲೆ, ನಲ್ಲಿ ತಿರುಗಿಸಿದರೆ ಹಳದಿ ನೀರು. ಮಾರ್ಗಳಿ ತಿಂಗಳಲ್ಲಿ, ನಮ್ಮ ಧನುರ್ಮಾಸದಲ್ಲಿ, ಮಂಟಪದವರು ಹೊಸ ಊಟದ ಹಾಲ್ ಕಟ್ಟಿ ಗೇಟಿನ ಮುಂದೆ ರಸ್ತೆ ಅಗೆಸಿದ್ದು ಎಲ್ಲರಿಗೂ ಗೊತ್ತು. ನೀರಿನ ಕಚೇರಿಯ ಇಂಜಿನಿಯರು ಅಗೆದು ನೋಡದೆ ಹೇಳಲಾಗದು ಎಂದರು. ಲೀಲಮ್ಮನ ನಲ್ಲಿಯ ನೀರನ್ನು ಲ್ಯಾಬಿಗೆ ಕೊಟ್ಟೆ. ಕೊಳಚೆಯಲ್ಲಿರುವ ರೋಗಾಣುಗಳು ಅದರಲ್ಲಿವೆ, ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂತು.

ಮಂಟಪ ಯಾರದೆಂದು ನಾನು ಬರೆಯಬೇಕಿಲ್ಲ. ಅಂದಾನಿಯವರದು. ನಮ್ಮ ಕೊನೆಯ ಪುಟದ ಜಾಹೀರಾತು ಅವರದು ಎಂಬುದು ದೊಡ್ಡ ಮಾತಲ್ಲ. ಡಿಸೆಂಬರಿನ ಆ ಸಂಜೆ ನೀವು ಎದೆ ಹಿಡಿದುಕೊಂಡು ಸೋಫಾದ ಮೇಲೆ ಒರಗಿದಾಗ, ಆಂಬುಲೆನ್ಸ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ, ನಿಮ್ಮನ್ನು ಎತ್ತಿ ತಮ್ಮ ಕಾರಿನಲ್ಲಿ ಮಲಗಿಸಿ ಹಾರ್ನಿನ ಮೇಲಿಂದ ಕೈ ತೆಗೆಯದೆ ಆಸ್ಪತ್ರೆ ಮುಟ್ಟಿಸಿದವರು ಅವರು. ಆಪರೇಷನ್ ಮುಗಿಯುವವರೆಗೆ ನನ್ನ ಪಕ್ಕದಲ್ಲಿ ಕೂತಿದ್ದರು. ಇದನ್ನು ಮರೆತು ನಾನು ಏನೂ ಮಾಡಲಿಲ್ಲ ಎಂಬುದು ನಿಮಗೆ ತಿಳಿದಿರಲಿ.

ಅವರ ಆಫೀಸಿಗೆ ಹೋದೆ. ಹೋದ ಕೂಡಲೇ, ಮನೆಯವಳಾಗಿ ಬಂದಿಲ್ಲ, ಪತ್ರಿಕೆಯ ಕಡೆಯಿಂದ ಬಂದಿದ್ದೇನೆ ಎಂದು ಹೇಳಿದೆ. ಅವರು ನಕ್ಕು ಕಾಫಿ ತರಿಸಿದರು. ವರದಿ ತೋರಿಸಿದ ಮೇಲೆ ನಗು ನಿಂತಿತು. ಸುಳ್ಳು ಹೇಳಲಿಲ್ಲ, ಅದನ್ನು ಅವರ ಪರವಾಗಿ ಬರೆಯಬೇಕು. ‘ಗೊತ್ತೈತ್ರೀ ಅಕ್ಕಾರ. ಅಗಿಯೋವಾಗ ಕಾಂಟ್ರಾಕ್ಟರ ಪೈಪ್ ಒಡದಾನ. ತೈ ತಿಂಗಳದಾಗ ಎಲ್ಲಾ ಮುಹೂರ್ತ ಬುಕ್ ಆಗ್ಯಾವ. ಮದುವಿ ಮುಗೀಲಿ, ನಾನಾ ನಿಂತು ರಿಪೇರಿ ಮಾಡಸ್ತೀನಿ’ ಎಂದರು. ಅಲ್ಲಿಯವರೆಗೆ ಆ ಬೀದಿಯವರು ಏನು ಕುಡಿಯಬೇಕು ಎಂದೆ. ‘ಕ್ಯಾನ್ ನೀರ್ ಕಳಸ್ತೀನಿ’ ಎಂದರು. ಕಳಿಸಿದರು ಕೂಡ, ಆದರೆ ಮೊದಲ ನಾಲ್ಕೈದು ಮನೆಗೆ ಸಾಲುವಷ್ಟು. ಅಕ್ಕಿ ತೊಳೆಯುವುದು, ಮಕ್ಕಳು ಬಾಯಿ ಮುಕ್ಕಳಿಸುವುದು ನಲ್ಲಿಯ ನೀರಿನಲ್ಲೇ. ನಾನು ಏಳುವಾಗ ಅವರು, ‘ನಂಜುಂಡ ಸಾಹೇಬ್ರು ಇದ್ದಿದ್ರ ಇದನ್ನ ಹಾಕ್ತಿದ್ದಿಲ್ಲ ನೋಡ್ರಿ’ ಎಂದರು. ಹೌದು, ಹಾಕುತ್ತಿರಲಿಲ್ಲ ಎಂದೆ. ನಿಮ್ಮ ಬಗ್ಗೆ ನಾನೂ ಸುಳ್ಳು ಹೇಳಲಿಲ್ಲ.

ಪುಟ ಕಟ್ಟುವ ದಿನ ಸುರೇಶ್ ಕೀಬೋರ್ಡಿನಿಂದ ಕೈ ತೆಗೆದು ಕೂತುಬಿಟ್ಟರು. ‘ಮೇಡಂ, ಬ್ಯಾಕ್ ಪೇಜ್ ಫುಲ್ಲಾ ಅವರ ವಿಳಂಬರಂ, ಅವರ ಆಡ್. ಸಾರ್‌ಗೆ ಒಂದ್ ಮಾತು ಕೇಳ್ಬಿಡೋಣ’ ಎಂದರು. ಡಾಕ್ಟರ ಮಾತಿಗೆ ನಾನು ಮೊದಲ ಸಲ ನೆಮ್ಮದಿಪಟ್ಟದ್ದು ಆಗ. ಕೇಳುವ ಹಾಗಿಲ್ಲ ಎಂದೆ. ಸುದ್ದಿಯನ್ನು ತಮಿಳಿನಲ್ಲಿ ಮೊದಲ ಪುಟಕ್ಕೆ ಹಾಕಿದೆವು. ಅಂದಾನಿಯವರು ಹೇಳಿದ್ದನ್ನೂ ಒಂದಕ್ಷರ ಬಿಡದೆ ಹಾಕಿದೆವು. ಕನ್ನಡದಲ್ಲೂ ಬರಲೇಬೇಕು ಎಂದು ನನಗನಿಸಿತು. ಅರ್ಧ ಪುಟದಲ್ಲಿ ಇದ್ದ ಜಾಗ ಒಂದೇ, ನಿಮ್ಮ ಅಂಕಣದ್ದು. ಆ ವಾರ ಬಾಸ್ಟನ್ ಕಂತು. ೧೬೯೦ರಲ್ಲಿ ಹ್ಯಾರಿಸ್ ಎಂಬಾತ ಅಪ್ಪಣೆಯಿಲ್ಲದೆ ಪತ್ರಿಕೆ ತಂದು, ತಿಂಗಳಿಗೊಮ್ಮೆ ತರುತ್ತೇನೆ, ಸುದ್ದಿ ಹೆಚ್ಚಾದರೆ ಇನ್ನೂ ಬೇಗ ಎಂದು ಮಾತು ಕೊಟ್ಟು, ಒಂದೇ ಸಂಚಿಕೆಗೆ ಸರ್ಕಾರ ಅದನ್ನು ನಿಲ್ಲಿಸಿದ ಕಥೆ. ಚೆನ್ನಾಗಿ ಬರೆದಿದ್ದಿರಿ. ಮುನ್ನೂರು ವರ್ಷ ಕಾದ ಬಾಸ್ಟನ್ ಇನ್ನೊಂದು ವಾರ ಕಾಯಲಿ ಎಂದು ಸುರೇಶ್‌ಗೆ ಹೇಳಿದೆ. ಶುರುವಾದಾಗಿನಿಂದ ನಿಮ್ಮ ಅಂಕಣ ತಪ್ಪಿದ್ದು ಅದೇ ಮೊದಲು. ಉಳಿದ ಸಂಗತಿಗಿಂತ ಇದೇ ನಿಮಗೆ ಹೆಚ್ಚು ಚುಚ್ಚುತ್ತದೆ ಎಂದು ನನಗೆ ಗೊತ್ತು.

ಶನಿವಾರ ಬೆಳಿಗ್ಗೆ ಹಾಲಿನ ಬೂತು, ಔಷಧದಂಗಡಿ, ಟಿಫನ್ ಹೋಟೆಲು, ಎಲ್ಲ ಕಡೆ ಕಟ್ಟು ಇಟ್ಟು ಬಂದೆವು. ಕಾಫಿ ಕುಡಿದು ತಿರುಗಿ ಹೋಗುವಷ್ಟರಲ್ಲಿ ಒಂದೂ ಇರಲಿಲ್ಲ. ಮಂಟಪದ ಮ್ಯಾನೇಜರು ಆಟೋದಲ್ಲಿ ಬಂದು ಎಲ್ಲವನ್ನೂ ತುಂಬಿಕೊಂಡು ಹೋದರಂತೆ. ಬಿಟ್ಟಿ ಪತ್ರಿಕೆ, ಕಳ್ಳತನ ಎನ್ನುವ ಹಾಗೂ ಇಲ್ಲ. ನಾನು ಬೂತಿನವರನ್ನು, ಒಂದಾದರೂ ಉಳಿದಿದೆಯೇ ಎಂದು ಕೇಳುತ್ತಿದ್ದೆ. ಸುರೇಶ್‌ಗೆ ಮಾತ್ರ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ಮೊದಲು ನೋಡಿದ್ದೂ ಅಂದೇ. ‘ನಾನು ಕಟ್ಟಿದ ಪೇಜ್ ಮೇಡಂ ಅದು’ ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತು, ಮೊದಲ ಪುಟವನ್ನು ತಮ್ಮ ಫೋನಿನಿಂದ ಬೀದಿಯ, ಫ್ಯಾಕ್ಟರಿಯ, ಸ್ಕೂಲಿನ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಮಂಟಪದ ಗೇಟಿನ ಮುಂದೆ ಹೆಂಗಸರು ಬಿಂದಿಗೆ ಇಟ್ಟುಕೊಂಡು ಕೂತಿದ್ದರು. ಸೋಮವಾರ ನೀರಿನ ಕಚೇರಿಯವರು ಬಂದು ರಸ್ತೆ ಅಗೆದರು. ಕುಡಿಯುವ ನೀರಿನ ಪೈಪು ಒಡೆದಿತ್ತು. ಅದರ ಮೇಲೆಯೇ ಮಂಟಪದ ಕೊಳಚೆ ಪೈಪು ಹಾದು ಸೋರುತ್ತಿತ್ತು. ಎರಡನ್ನೂ ಬದಲಾಯಿಸಿದರು. ಈಗ ನೀರು ಸರಿಯಾಗಿದೆ. ತೇಜು ಎದ್ದು ಓಡಾಡುತ್ತಾಳೆ, ಎಣ್ಣೆ ತಿಂಡಿ ಮಾತ್ರ ಕೂಡದು.

ಎಲ್ಲವೂ ಒಳ್ಳೆಯದೇ ಆಯಿತು ಎಂದು ಬರೆದರೆ ನೀವು ನಂಬಬೇಡಿ. ರಿಪೇರಿಗೆಂದು ಮಂಟಪ ಮುಚ್ಚಿದ ದಿನಗಳಲ್ಲೇ ಶಾರದಮ್ಮನವರ ಮೊಮ್ಮಗಳ ಮದುವೆ ಇತ್ತು. ನಮ್ಮ ಮಹಿಳಾ ಮಂಡಳಿಯ ಶಾರದಮ್ಮ, ಯಾರ ಮೇಲೂ ಧ್ವನಿ ಏರಿಸದವರು, ಮನೆಗೆ ಬಂದು ಬಾಗಿಲಲ್ಲೇ ನಿಂತರು. ‘ಲಗ್ನಪತ್ರಿಕೆಯಲ್ಲಿ ಮಂಟಪದ ಹೆಸರು ಹಾಕಿ ಊರಿಗೆಲ್ಲ ಹಂಚಿದ್ದೀವಿ ಅಂಬುಜಾ. ನಿನ್ನ ಪೇಪರ್‌ಗೆ ನಮ್ಮ ಹುಡುಗಿ ಮದುವೇನೇ ಆಗಬೇಕಿತ್ತಾ?’ ಎಂದು ಅತ್ತರು. ಅವರದು ಏನೂ ತಪ್ಪಿರಲಿಲ್ಲ. ಮದುವೆ ವಡಪಳನಿಯ ಒಂದು ಸಣ್ಣ ಛತ್ರದಲ್ಲಿ ಆಯಿತು. ನಾನು ಹೋಗಿದ್ದೆ. ಶಾರದಮ್ಮ ತಾಂಬೂಲ ಕೊಟ್ಟರು, ಮುಖ ನೋಡಲಿಲ್ಲ. ಅಂದಾನಿಯವರ ಕಡೆಗಿರುವ ಕನ್ನಡ ಸಂಘದವರು ಈಗ ಫೋನ್ ಮಾಡುವುದಿಲ್ಲ. ಅಂದಾನಿಯವರ ಜಾಹೀರಾತು ನಿಂತಿತು, ಅವರನ್ನು ನೋಡಿ ಇನ್ನೂ ಕೆಲವರದು ನಿಂತಿತು. ಪತ್ರಿಕೆ ಈಗ ನಾಲ್ಕು ಪುಟ. ಬಾಸ್ಟನ್ ಮುಂದಿನ ವಾರ ಬಂತು, ಚಿಕ್ಕ ಅಕ್ಷರದಲ್ಲಿ.

ಹೋದ ವಾರ ಅಂದಾನಿಯವರೇ ಬಂದರು. ಬೆಲ್ ಮಾಡಿ, ನಿಮ್ಮ ಓದುವ ಕನ್ನಡಕವನ್ನು ನನ್ನ ಕೈಗೆ ಕೊಟ್ಟರು. ‘ಸಾಹೇಬ್ರದು. ಕಾರಿನ ಸೀಟಿನ ಸಂದಿಯೊಳಗ ಇತ್ತು’ ಎಂದರು. ಒಳಗೆ ಬನ್ನಿ ಎಂದೆ. ಬೇಡವೆಂದು ತಲೆ ಅಲ್ಲಾಡಿಸಿದರು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದರು. ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಆ ಕನ್ನಡಕವನ್ನು ಒರೆಸುತ್ತಾ ಕೂತೆ. ಇನ್ನೊಮ್ಮೆ ಹೀಗೇ ಆದರೂ ಸುದ್ದಿ ಹಾಕುತ್ತೇನೆಯೇ ಎಂದು ಕೇಳಿಕೊಂಡೆ. ಹಾಕುತ್ತೇನೆ ಎಂದೇ ಉತ್ತರ ಬಂತು. ಆದರೂ ಆ ದಿನ ರಾತ್ರಿಯ ಅಡಿಗೆ ಮಾಡಲಿಲ್ಲ.

ಇಷ್ಟೇ ನಡೆದದ್ದು. ನಿಖಿತಾಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ. ಕೆಮ್ಮು ಬಂದರೆ ನೀವೇ ಮಾತ್ರೆ ಹುಡುಕಬೇಡಿ, ಮಗಳನ್ನು ಕೇಳಿ. ನಂಜನಗೂಡಿನ ಸ್ವಾಮಿ ನಿಮಗೆ ಬೇಗ ಬಲ ಕೊಡಲಿ.

ಇತಿ,
ನಿಮ್ಮ
ಅಂಬುಜಾ

ಮರೆತ ಮಾತು: ಕಾಗದ ಮಡಿಸಿದ ಮೇಲೆ ಸುರೇಶ್ ಬಂದರು, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಅಂದಾನಿಯವರು ತಮ್ಮೂರು ಗದಗಿಗೆ ಹೋಗುವ ದಾರಿಯಲ್ಲಿ ಭಾನುವಾರ ನಿಮ್ಮನ್ನು ನೋಡಲು ಬರುತ್ತಾರಂತೆ. ಅವರ ಬಳಿ, ಪತ್ರಿಕೆಯಲ್ಲಿ ಹಾಕಿಸಲೆಂದು ಟೈಪ್ ಮಾಡಿದ ಒಂದು ಹಾಳೆ ಇರುತ್ತದೆ. ‘ಸಂಪಾದಕರ ಗೈರುಹಾಜರಿಯಲ್ಲಿ, ಅವರ ಗಮನಕ್ಕೆ ಬಾರದೆ, ತಪ್ಪಾಗಿ ಪ್ರಕಟವಾದ ಸುದ್ದಿ’ ಎಂದು ಅದರಲ್ಲಿದೆ. ಗೈರುಹಾಜರಿ ನಿಜ. ಗಮನಕ್ಕೆ ಬಾರದಿದ್ದದ್ದೂ ನಿಜ. ‘ತಪ್ಪಾಗಿ’ ಎಂಬುದೊಂದೇ ಸುಳ್ಳು. ಆ ಸಂಜೆ ಅವರು ಇಲ್ಲದಿದ್ದರೆ ಈ ಕಾಗದ ಬರೆಯಲು ನನಗೆ ಯಾರೂ ಇರುತ್ತಿರಲಿಲ್ಲ. ಊಟ ಹಾಕಿಸದೆ ಕಳಿಸಬೇಡಿ. ಸಹಿ ಮಾತ್ರ ಹಾಕಬೇಡಿ.